ಕೋಲ್ಕತ್ತದ ಚೈನಾ ಟೌನ್‌ಗೆ ಅಮ್ಮನನ್ನೂ ಕರೆದುಕೊಂಡು ಹೋಗಬಹುದಾ?

ಪ್ರಶ್ನೆ: ನಾವು ಮೈಸೂರಿನವರು. 2027ರ ಫೆಬ್ರವರಿ ಮೊದಲ ವಾರ ನಾಲ್ಕು ದಿನದ ಮಟ್ಟಿಗೆ ಕೋಲ್ಕತ್ತಕ್ಕೆ ಹೊರಟಿದ್ದೇವೆ. ನಾನು, ಕಾಲೇಜಿಗೆ ಹೋಗುವ ಮಗ, ಎಪ್ಪತ್ತು ದಾಟಿದ ಅಮ್ಮ. ಮಗನಿಗೆ ಅಲ್ಲಿನ ಚೈನಾ ಟೌನ್ ನೋಡಲೇಬೇಕಂತೆ, ಒಂದು ದಿನದ ತಿಂಡಿ ಅಲ್ಲೇ ಆಗಬೇಕಂತೆ. ಅಮ್ಮ ಶುದ್ಧ ಸಸ್ಯಾಹಾರಿ. ವಿಚಾರಿಸಿದರೆ ಒಬ್ಬರು ಟಿರೆಟ್ಟಾ ಬಜಾರ್ ಅನ್ನುತ್ತಾರೆ, ಇನ್ನೊಬ್ಬರು ಟ್ಯಾಂಗ್ರಾ ಅನ್ನುತ್ತಾರೆ. ಯಾವುದು ನಿಜವಾದ ಚೈನಾ ಟೌನ್? ಅಲ್ಲಿ ಸಿಗುವುದು ಅಸಲಿ ಚೈನೀಸ್ ಊಟವೇ? ಅಮ್ಮನನ್ನು ಕರೆದುಕೊಂಡು ಹೋಗಬಹುದಾ, ಇಲ್ಲ ರೂಮಿನಲ್ಲಿ ಬಿಟ್ಟು ಹೋಗುವುದೇ ವಾಸಿಯಾ?

ಉತ್ತರ: ಅಮ್ಮನನ್ನು ರೂಮಿನಲ್ಲಿ ಬಿಟ್ಟು ಹೋಗಬೇಡಿ. ನಿಮ್ಮ ಮೂವರಲ್ಲಿ ಈ ಜಾಗ ಜಾಸ್ತಿ ಇಷ್ಟವಾಗುವುದು ಅವರಿಗೇ ಇರಬಹುದು. ಯಾಕೆ ಅಂತ ಮುಂದೆ ಹೇಳುತ್ತೇನೆ.

ಮೊದಲು ಟಿರೆಟ್ಟಾ-ಟ್ಯಾಂಗ್ರಾ ತಕರಾರು ಬಗೆಹರಿಸೋಣ. ಎರಡೂ ನಿಜವೇ. ಟಿರೆಟ್ಟಾ ಬಜಾರ್ ಹಳೆಯದು. ಊರಿನ ನಡುಮಧ್ಯೆ, ಲಾಲ್‌ಬಜಾರ್ ಪೊಲೀಸ್ ಕಚೇರಿಯ ಹತ್ತಿರದ ಗಲ್ಲಿಗಳಲ್ಲಿದೆ. 18ನೇ ಶತಮಾನದಲ್ಲಿ ಇಲ್ಲಿ ಮಾರುಕಟ್ಟೆ ಕಟ್ಟಿಸಿದ ಎಡ್ವರ್ಡೊ ಟಿರೆಟ್ಟಾ ಎಂಬ ಇಟಲಿಯವನ ಹೆಸರು ಅದಕ್ಕೆ ಉಳಿದುಕೊಂಡಿದೆ. ಟ್ಯಾಂಗ್ರಾ ಆಮೇಲೆ ಬೆಳೆದದ್ದು. ಊರಿನ ಪೂರ್ವಕ್ಕೆ, ಸೈನ್ಸ್ ಸಿಟಿ ಕಡೆಗೆ ಬರುತ್ತದೆ. ಬೆಳಗಿನ ತಿಂಡಿಗೆ ಮತ್ತು ಗುಡಿಗಳಿಗೆ ಟಿರೆಟ್ಟಾ, ಸಂಜೆಯ ಊಟಕ್ಕೆ ಟ್ಯಾಂಗ್ರಾ. ಒಂದೇ ಭಾನುವಾರದಲ್ಲಿ ಎರಡನ್ನೂ ನೋಡಬಹುದು. ಮಧ್ಯಾಹ್ನ ಅಮ್ಮ ಮಲಗಿ ಏಳುವುದಕ್ಕೂ ಪುರಸೊತ್ತು ಸಿಗುತ್ತದೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಸಿಂಗಪುರದ ಚೈನಾ ಟೌನ್ ಚಿತ್ರ ತಲೆಯಲ್ಲಿಟ್ಟುಕೊಂಡು ಹೋದರೆ ಮಗನಿಗೆ ನಿರಾಸೆ ಆಗುತ್ತದೆ. ಬೀದಿ ತುಂಬ ಕೆಂಪು ಲಾಟೀನು, ಬಣ್ಣ ಬಳಿದ ಹಳೆ ಮನೆಗಳ ಸಾಲು, ಪ್ರವಾಸಿಗರಿಗೆಂದೇ ಹಾಕಿದ ಬೋರ್ಡು, ಇದ್ಯಾವುದೂ ಟಿರೆಟ್ಟಾದಲ್ಲಿಲ್ಲ. ಗುಜರಿ ಮೂಟೆ, ಕೋಳಿ ಬುಟ್ಟಿ, ಕೈಗಾಡಿ, ಉದುರುತ್ತಿರುವ ಗಾರೆ, ಅದರ ನಡುವೆ ಇದ್ದಕ್ಕಿದ್ದಂತೆ ಚೀನೀ ಅಕ್ಷರ ಕೆತ್ತಿದ ಒಂದು ಬಾಗಿಲು. ನೋಡುವ ಕಣ್ಣಿದ್ದರೆ ಬೇಕಾದಷ್ಟಿದೆ.

ಭಾನುವಾರ ಬೆಳಿಗ್ಗೆ ಆರೂವರೆಗೆಲ್ಲ ಅಲ್ಲಿರಿ. ಮೆಟ್ರೋದ ಸೆಂಟ್ರಲ್ ನಿಲ್ದಾಣದಿಂದ ನಡೆಯುವಷ್ಟೇ ದೂರ. ಆದರೆ ಭಾನುವಾರ ಮೆಟ್ರೋ ಶುರುವಾಗುವುದೇ ತಡ, ಟ್ಯಾಕ್ಸಿ ಮಾಡಿಕೊಳ್ಳಿ. 'ಪೊದ್ದಾರ್ ಕೋರ್ಟ್' ಅಂದರೆ ಡ್ರೈವರಿಗೆ ಗೊತ್ತಾಗುತ್ತದೆ. ನಾನು ಮೊದಲ ಸಲ ಹೋದಾಗ ರಜೆಯ ಗುಂಗಿನಲ್ಲಿ ಒಂಬತ್ತೂವರೆಗೆ ತಲುಪಿದ್ದೆ. ಒಬ್ಬ ಅಜ್ಜಿ ಖಾಲಿ ಪಾತ್ರೆಗಳನ್ನು ಒಂದರೊಳಗೊಂದು ಇಟ್ಟು ಹಗ್ಗ ಬಿಗಿಯುತ್ತಿದ್ದರು. ನನ್ನ ಮುಖ ನೋಡಿ, ಹಿಂದಿಯಲ್ಲಿ, 'ಮುಂದಿನ ವಾರ ಬಾ, ನಿದ್ದೆ ಮಾಡದೆ ಬಾ' ಅಂದರು. ಎಂಟೂವರೆ ಹೊತ್ತಿಗೆ ಆಟ ಮುಗಿದಿರುತ್ತದೆ.

ಏನು ಸಿಗುತ್ತದೆ? ದೊಡ್ಡ ಅಲ್ಯೂಮಿನಿಯಂ ಪಾತ್ರೆಗಳು, ತಟ್ಟೆಯ ಮೇಲೆ ತಟ್ಟೆ, ಥೇಟ್ ನಮ್ಮ ಮದುವೆ ಮನೆಯ ಇಡ್ಲಿ ಸ್ಟೀಮರ್ ಥರ. ಮುಚ್ಚಳ ತೆಗೆದರೆ ಹಬೆಯೊಳಗೆ ಬಿಳಿ ಬಿಳಿ ಬಾವ್. ಹುಳಿ ಬರಿಸಿದ ಮೈದಾ ಹಿಟ್ಟಿನ ಒಳಗೆ ಸಿಹಿ-ಉಪ್ಪು ಕೂಡಿದ ಹಂದಿ ಮಾಂಸದ ಹೂರಣ. ಪಕ್ಕದಲ್ಲಿ ಶುಮಾಯ್, ಅಂದರೆ ತೆರೆದ ಬಾಯಿಯ ಪುಟ್ಟ ಕಡುಬು. ಮೀನಿನ ಉಂಡೆ ಹಾಕಿದ ತೆಳು ಸೂಪು, ಮೇಲೆ ಒಂದಿಷ್ಟು ಸೊಪ್ಪು. ಒಣಗಿಸಿದ ಸಾಸೇಜು, ಸಿಗಡಿ ಹಪ್ಪಳ. ಸೂಪನ್ನು ಅಲ್ಲೇ ನಿಂತು ಕುಡಿಯಬೇಕು. ಫೆಬ್ರವರಿಯ ಆ ಚಳಿಗೆ ಅದು ಚೆನ್ನಾಗಿ ಹೊಂದುತ್ತದೆ. ಮಗನಿಗೆ ನನ್ನ ಶಿಫಾರಸು: ಒಂದು ಬಾವ್, ಒಂದು ಸೂಪು, ಆಮೇಲೆ ಹೊಟ್ಟೆಯಲ್ಲಿ ಜಾಗ ಇದ್ದರೆ ಶುಮಾಯ್. ಮೋಮೋ ಎಲ್ಲ ಊರಲ್ಲೂ ಸಿಗುತ್ತದೆ, ಅದಕ್ಕೆ ಹೊಟ್ಟೆ ತುಂಬಿಸಿಕೊಳ್ಳಬೇಡ ಅನ್ನಿ. ಚಿಲ್ಲರೆ ನೋಟು ಕೈಯಲ್ಲಿರಲಿ.

ನಿಜ ಹೇಳಬೇಕೆಂದರೆ ಈ ತಿಂಡಿಗೆ ಈಗ ಆಗುತ್ತಿರುವ ಪ್ರಚಾರ ಸ್ವಲ್ಪ ಜಾಸ್ತಿಯೇ. ಚೀನೀ ಮನೆತನದ ಮಾರುವವರು ವರ್ಷದಿಂದ ವರ್ಷಕ್ಕೆ ಕಡಿಮೆಯಾಗಿದ್ದಾರೆ. ಕೆಲವು ಕಡೆ ಪಾತ್ರೆಯ ಮುಂದೆ ನಿಂತವರಿಗಿಂತ ಕ್ಯಾಮೆರಾ ಹಿಡಿದವರೇ ಹೆಚ್ಚು. ಬರೀ ತಿಂಡಿ ತಿಂದು ವಾಪಸ್ ಬಂದರೆ ಅರ್ಧ ನೋಡಿದಂತೆ. ಉಳಿದರ್ಧ ಇರುವುದು ಗಲ್ಲಿಯ ಒಳಗೆ, ಮತ್ತು ಅದು ಅಮ್ಮನ ಪಾಲು.

ಅಮ್ಮನ ತಿಂಡಿ ವಿಷಯ ಇಲ್ಲೇ ಮುಗಿಸುತ್ತೇನೆ. ಚೀನೀ ಪಾತ್ರೆಗಳ ಕಡೆ ಅವರಿಗೆ ಏನನ್ನೂ ಕೊಡಿಸಬೇಡಿ. ಎಳ್ಳು ಹಚ್ಚಿ ಕರಿದ ಸಿಹಿ ಉಂಡೆ ಕಂಡರೂ ಬೇಡ, ಯಾವ ಎಣ್ಣೆಯಲ್ಲಿ ಕರಿದದ್ದೋ, ಹಂದಿ ಕೊಬ್ಬು ಬಳಸುವ ರೂಢಿಯೂ ಇದೆ. ಅದೇ ಬೀದಿಯಲ್ಲಿ ಕಚೋರಿ, ಆಲೂ ಪಲ್ಯ, ಜಿಲೇಬಿ ಮಾಡುವವರೂ ಕೂತಿರುತ್ತಾರೆ. ಅದು ಕೊಡಿಸಿ, ಜೊತೆಗೆ ಮಣ್ಣಿನ ಕುಡಿಕೆಯಲ್ಲಿ ಚಹಾ.

ಇನ್ನು ಗುಡಿಗಳು. ಇವಕ್ಕೆ ಕೋಲ್ಕತ್ತದಲ್ಲಿ 'ಚರ್ಚ್' ಅನ್ನುತ್ತಾರೆ. ಬೋರ್ಡಿನ ಮೇಲೂ ಹಾಗೇ ಇರುತ್ತದೆ, ಗಾಬರಿಯಾಗಬೇಡಿ. ಯೇಸುವಿಗೂ ಇದಕ್ಕೂ ಸಂಬಂಧ ಇಲ್ಲ, ಬ್ರಿಟಿಷರ ಕಾಲದಿಂದ ಅಂಟಿಕೊಂಡ ಹೆಸರು ಅಷ್ಟೇ. 1905ರ ಸೀ ಇಪ್ ಚರ್ಚ್‌ಗೆ ಮೊದಲು ಹೋಗಿ. ಅಲ್ಲಿರುವುದು ಕುವಾನ್ ಯಿನ್, ಕರುಣೆಯ ತಾಯಿ. ಅಮ್ಮನಿಗೆ ಹೀಗೆ ಹೇಳಿ: ಬೌದ್ಧರ ಅವಲೋಕಿತೇಶ್ವರ ನಮ್ಮ ದೇಶದಿಂದ ಚೀನಾಕ್ಕೆ ಹೋಗಿ, ನಿಧಾನಕ್ಕೆ ಹೆಣ್ಣಿನ ರೂಪ ತಾಳಿ, ಚೀನಾದವರ ಜೊತೆ ಹಡಗು ಹತ್ತಿ ಮತ್ತೆ ನಮ್ಮ ದೇಶಕ್ಕೇ ಬಂದಿದ್ದಾಳೆ. ಮಂಗಳೂರಿನ ಕದ್ರಿಯಲ್ಲಿ ಲೋಕೇಶ್ವರನ ಕಂಚಿನ ವಿಗ್ರಹ ನೋಡಿದ್ದೀರಲ್ಲ, ಆಳುಪರ ಕುಂದವರ್ಮ 968ರಲ್ಲಿ ಮಾಡಿಸಿದ್ದು? ಆ ಲೋಕೇಶ್ವರನಿಗೂ ಈ ತಾಯಿಗೂ ಮೂಲ ಒಂದೇ.

ಹತ್ತಿರದಲ್ಲೇ ಟೂಂಗ್ ಆನ್ ಚರ್ಚ್ ಇದೆ, ಕೆಂಪು ಇಟ್ಟಿಗೆಯ ಕಟ್ಟಡ. ಅಲ್ಲಿನ ದೇವರು ಕುವಾನ್ ಯು. ಸುಮಾರು 1,800 ವರ್ಷದ ಹಿಂದೆ ಚೀನಾದಲ್ಲಿದ್ದ ಸೇನಾಪತಿ, ಮಾತಿಗೆ ತಪ್ಪದವನು ಅಂತ ದೇವರಾದ. ಕೆಂಪು ಮುಖ, ಉದ್ದ ಗಡ್ಡ. ಈ ಕಟ್ಟಡದ ಕೆಳಗಿನ ಅಂತಸ್ತಿನಲ್ಲಿ 1920ರ ದಶಕದಲ್ಲಿ ನ್ಯಾನ್‌ಕಿಂಗ್ ಎಂಬ ರೆಸ್ಟೋರೆಂಟ್ ಶುರುವಾಗಿತ್ತು. ಒಂದು ಕಾಲಕ್ಕೆ ಸಿನಿಮಾ ತಾರೆಯರೂ ಬರುತ್ತಿದ್ದ ಜಾಗ. ಈಗ ಬಾಗಿಲು ಮುಚ್ಚಿ ಎಷ್ಟೋ ವರ್ಷ ಆಯಿತು, ಹೊರಗೆ ಕಸ ಬಿದ್ದಿರುತ್ತದೆ. ಮೇಲೆ ದೇವರಿಗೆ ಊದುಬತ್ತಿ ಮಾತ್ರ ನಿಂತಿಲ್ಲ.

ಈ ಗುಡಿಗಳಲ್ಲಿ ಒಂದು ಬಿದಿರಿನ ಡಬ್ಬಿ ಇಟ್ಟಿರುತ್ತಾರೆ, ಒಳಗೆ ನಂಬರ್ ಬರೆದ ಕಡ್ಡಿಗಳು. ಮನಸ್ಸಿನಲ್ಲಿ ಪ್ರಶ್ನೆ ಇಟ್ಟುಕೊಂಡು ಡಬ್ಬಿ ಅಲ್ಲಾಡಿಸಬೇಕು. ಯಾವ ಕಡ್ಡಿ ಹೊರಗೆ ಜಾರಿ ಬೀಳುತ್ತದೋ ಆ ನಂಬರಿನ ಚೀಟಿ ನಿಮ್ಮ ಉತ್ತರ. ನಮ್ಮಲ್ಲಿ ದೇವರ ಬಲಕ್ಕೆ ಹೂ ಬಿದ್ದರೆ ಪ್ರಸಾದ ಆಯಿತು ಅನ್ನುತ್ತೇವಲ್ಲ, ಹಾಗೇ. ನಾನು ಒಮ್ಮೆ ಕರೆದುಕೊಂಡು ಹೋಗಿದ್ದ ತುಮಕೂರು ಕಡೆಯ ಅಜ್ಜಿಯೊಬ್ಬರು ಯಾರೂ ಹೇಳಿಕೊಡದೆ ಡಬ್ಬಿ ಕೈಗೆತ್ತಿಕೊಂಡು, ಕಣ್ಣು ಮುಚ್ಚಿ, ಮೊಮ್ಮಗಳ ಮದುವೆ ಕೇಳಿದರು. ಕಾವಲಿನ ಮುದುಕ ಚೀಟಿ ಓದಿ, 'ಆಗುತ್ತದೆ, ಆದರೆ ಅವಸರ ಬೇಡ' ಅಂತ ಬಂಗಾಳಿ ಬೆರೆತ ಹಿಂದಿಯಲ್ಲಿ ಹೇಳಿದ. ಇಬ್ಬರಿಗೂ ಪೂರ್ತಿ ಸಮಾಧಾನ. ಪಕ್ಕದಲ್ಲಿ ನಿಂತ ನಾನೇ ಅಲ್ಲಿ ಹೊರಗಿನವನು.

ಒಳಗೆ ಹೋಗುವಾಗ ಚಪ್ಪಲಿ ಬಿಡಬೇಕಾ ಅಂತ ಕಾವಲಿನವರನ್ನೇ ಕೇಳಿ. ದೇವರ ಫೋಟೋ ತೆಗೆಯುವ ಮೊದಲೂ ಕೇಳಿ. ಮೇಜಿನ ಮೇಲಿನ ಹಣ್ಣು, ಬಟ್ಟಲು ಮುಟ್ಟಬೇಡಿ, ಅದು ನೈವೇದ್ಯ. ಹುಂಡಿ ಇದ್ದರೆ ಏನಾದರೂ ಹಾಕಿ. ಗುಡಿ ನೋಡಿಕೊಳ್ಳುವ ಮನೆತನಗಳು ಈಗ ಬಹಳ ಉಳಿದಿಲ್ಲ.

ಇವರೆಲ್ಲ ಇಲ್ಲಿಗೆ ಬಂದದ್ದು ಹೇಗೆ ಅಂತ ಮಗ ಕೇಳಿಯೇ ಕೇಳುತ್ತಾನೆ. ಕಥೆ ಶುರುವಾಗುವುದು ಟೋಂಗ್ ಆಚ್ಯೂ ಎಂಬ ವ್ಯಾಪಾರಿಯಿಂದ. 1778ರ ಸುಮಾರಿಗೆ ಬ್ರಿಟಿಷ್ ಗವರ್ನರ್ ಜನರಲ್ ವಾರನ್ ಹೇಸ್ಟಿಂಗ್ಸ್ ಅವನಿಗೆ ಹೂಗ್ಲಿ ನದಿಯ ದಂಡೆಯಲ್ಲಿ 650 ಬಿಘಾ (ಬಂಗಾಳದ ಬಿಘಾ ಅಂದರೆ ಸುಮಾರು ಮೂರನೇ ಒಂದು ಎಕರೆ) ಜಮೀನು ಕೊಟ್ಟ. ವರ್ಷಕ್ಕೆ ಬಾಡಿಗೆ 45 ರೂಪಾಯಿ. ಆಚ್ಯೂ ಕಬ್ಬು ಬೆಳೆದು ಸಕ್ಕರೆ ಗಿರಣಿ ಹಾಕಿದ, ಚೀನಾದಿಂದ ಆಳು ತರಿಸಿದ. ಇದರಿಂದಲೇ ಸಕ್ಕರೆಗೆ 'ಚೀನಿ' ಅಂತ ಹೆಸರು ಬಂತು ಅಂತ ಗೈಡುಗಳು ಹೇಳುತ್ತಾರೆ. ನಂಬಬೇಡಿ, ಆ ಪದ ಅದಕ್ಕಿಂತ ಹಳೆಯದು. ಗಿರಣಿ ಬಹಳ ಕಾಲ ನಿಲ್ಲಲಿಲ್ಲ. ಆಚ್ಯೂ ತೀರಿಕೊಂಡ, ಆಳುಗಳು ಕೋಲ್ಕತ್ತ ಸೇರಿದರು. ಆಮೇಲೆ ಬಂದವರು ಊರು-ಭಾಷೆಗೆ ತಕ್ಕಂತೆ ಕಸುಬು ಹಿಡಿದರು. ಕ್ಯಾಂಟನ್ ಕಡೆಯವರು ಬಡಗಿಗಳು, ಹುಬೆ ಕಡೆಯವರು ಹಲ್ಲಿನ ಡಾಕ್ಟರುಗಳು, ಹಕ್ಕಾ ಜನ ಚಪ್ಪಲಿ-ಬೂಟು ಮತ್ತು ಚರ್ಮ. ನಿಮ್ಮ ತಟ್ಟೆಯ 'ಹಕ್ಕಾ ನೂಡಲ್ಸ್' ಹೆಸರು ಈ ಜನರದ್ದು.

ಚರ್ಮವೇ ಯಾಕೆ? ನಮ್ಮವರಲ್ಲಿ ಚರ್ಮ ಮುಟ್ಟಲು ಮೇಲ್ಜಾತಿಯವರು ತಯಾರಿರಲಿಲ್ಲ, ಹಣ ಹಾಕಲೂ ತಯಾರಿರಲಿಲ್ಲ. ಆ ಖಾಲಿ ಜಾಗಕ್ಕೆ ಹಕ್ಕಾಗಳು ಬಂದರು. ಟ್ಯಾಂಗ್ರಾ ಆಗ ಊರಾಚೆಯ ಜೌಗು ನೆಲ. ನೀರು ಬೇಕಾದಷ್ಟು, ವಾಸನೆಗೆ ತಕರಾರು ಮಾಡುವವರಿಲ್ಲ. ಮುನ್ನೂರಕ್ಕೂ ಹೆಚ್ಚು ಹದ ಹಾಕುವ ಕಾರ್ಖಾನೆಗಳು ಎದ್ದವು. 1996ರಲ್ಲಿ ಸುಪ್ರೀಂ ಕೋರ್ಟು, ಈ ಕೊಳಕು ನೀರು ಸಾಕು, ಊರು ಬಿಟ್ಟು ಹೋಗಿ ಅಂದಿತು. ಬಂತಲಾದಲ್ಲಿ ಹೊಸ ಜಾಗ ತೋರಿಸಿದರು. ಕೆಲವರು ಹೋದರು, ಕೆಲವರು ಕೆನಡಾಕ್ಕೆ ವಿಮಾನ ಹತ್ತಿದರು, ಕೆಲವರು ಅಡುಗೆ ಒಲೆ ಹಚ್ಚಿದರು. ಅದಕ್ಕೇ ಟ್ಯಾಂಗ್ರಾದ ರೆಸ್ಟೋರೆಂಟುಗಳಿಗೆ ಆನೆ ಹೋಗುವಷ್ಟು ದೊಡ್ಡ ಕಬ್ಬಿಣದ ಗೇಟು, ಜೈಲಿನಂಥ ಎತ್ತರದ ಗೋಡೆ. ಒಳಗೆ ಎ.ಸಿ., ಬಿಳಿ ಮೇಜುಬಟ್ಟೆ. ಹೊರಗೆ ಗಲ್ಲಿಯಲ್ಲಿ ಈಗಲೂ ಒಮ್ಮೊಮ್ಮೆ ಹಸಿ ಚರ್ಮದ ವಾಸನೆ ಬರುತ್ತದೆ. ಅಮ್ಮನಿಗೆ ಮೊದಲೇ ಹೇಳಿರಿ, ಮೂಗಿಗೆ ಸೆರಗು ಹಿಡಿದರೂ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ.

ಈಗ ನಿಮ್ಮ 'ಅಸಲಿ' ಪ್ರಶ್ನೆಗೆ ಬರುತ್ತೇನೆ. ಚೀನಾದಲ್ಲಿ ತಿನ್ನುವ ಊಟ ಬೇಕಾದರೆ ಟ್ಯಾಂಗ್ರಾಕ್ಕೆ ಹೋಗಬೇಡಿ. ಇಲ್ಲಿನ ಚಿಲ್ಲಿ ಚಿಕನ್ನಿನಲ್ಲಿ ಸೋಯಾ ಸಾಸು ಚೀನಾದ್ದು, ಹಸಿಮೆಣಸಿನಕಾಯಿ ಬಂಗಾಳದ್ದು, ಕಾರ್ನ್‌ಫ್ಲೋರ್ ಕದಡಿ ದಪ್ಪ ಮಾಡಿದ ಸಾರು ಅನ್ನಕ್ಕೆ ಕಲಸಿಕೊಳ್ಳುವ ನಮ್ಮಂಥವರಿಗಾಗಿ. ನೂರಾರು ವರ್ಷ ಒಂದೇ ಊರಿನಲ್ಲಿ ಬಾಳಿದವರ ಅಡುಗೆ ಇದು. ನನ್ನ ಕೇಳಿದರೆ ಇದೇ ಅಸಲಿ, ಕೋಲ್ಕತ್ತದ ಅಸಲಿ. ಟೊರೊಂಟೊಗೆ ಹೋದ ಟ್ಯಾಂಗ್ರಾದವರು ಅಲ್ಲೂ 'ಹಕ್ಕಾ ಚೈನೀಸ್' ಅಂತ ಬೋರ್ಡು ಹಾಕಿ ಮಾರುವುದು ಈ ಚಿಲ್ಲಿ ಚಿಕನ್ನನ್ನೇ.

ನಮ್ಮ ಗೋಬಿ ಮಂಚೂರಿಗೂ ಇಲ್ಲಿಂದ ಒಂದು ದಾರಿ ಇದೆ. ಕೋಲ್ಕತ್ತದಲ್ಲಿ ಹುಟ್ಟಿದ ನೆಲ್ಸನ್ ವಾಂಗ್ ಮುಂಬೈಗೆ ಹೋಗಿ, ಕ್ರಿಕೆಟ್ ಕ್ಲಬ್ ಆಫ್ ಇಂಡಿಯಾದ ಅಡುಗೆಮನೆಯಲ್ಲಿ 1975ರ ಸುಮಾರಿಗೆ ಚಿಕನ್ ಮಂಚೂರಿಯನ್ ಮಾಡಿದರು ಅನ್ನುವುದು ಎಲ್ಲರೂ ಹೇಳುವ ಕಥೆ. ಶುಂಠಿ, ಬೆಳ್ಳುಳ್ಳಿ, ಹಸಿಮೆಣಸು ಹಾಕಿ, ಗರಂ ಮಸಾಲೆ ಬದಲು ಸೋಯಾ ಸಾಸು. ಮಂಚೂರಿಯಾದವರಿಗೆ ಈ ತಿಂಡಿ ಗೊತ್ತೇ ಇಲ್ಲ. ಆಮೇಲೆ ಕೋಳಿಯ ಜಾಗಕ್ಕೆ ಹೂಕೋಸು ಬಂತು, ನಮ್ಮ ಊರೂರಿನ ತಳ್ಳುಗಾಡಿ ಹತ್ತಿತು. ಕೊನೆಗೆ ಕಣ್ಣು ಕುಕ್ಕುವ ಕೆಂಪು ಎಷ್ಟು ಅತಿಯಾಯಿತು ಅಂದರೆ, 2024ರ ಮಾರ್ಚಿನಲ್ಲಿ ಕರ್ನಾಟಕ ಸರ್ಕಾರ ಗೋಬಿಗೆ ಕೃತಕ ಬಣ್ಣ ಹಾಕುವುದನ್ನೇ ನಿಷೇಧಿಸಬೇಕಾಯಿತು. ಟ್ಯಾಂಗ್ರಾದ ಒಳ್ಳೆ ಅಡುಗೆಯವರ ಮಂಚೂರಿಯನ್ ಕಂದು ಬಣ್ಣಕ್ಕಿರುತ್ತದೆ. ಮಗ ನೋಡಿ 'ಇದೇನು ಹೀಗಿದೆ' ಅಂದರೆ ಆಶ್ಚರ್ಯ ಇಲ್ಲ.

ಎಲ್ಲಿ ಊಟ ಮಾಡುವುದು ಅಂದರೆ, ಬೀಜಿಂಗ್, ಕಿಮ್ ಲಿಂಗ್, ಗೋಲ್ಡನ್ ಜಾಯ್, ಬಿಗ್ ಬಾಸ್ ಎಲ್ಲ ಹೆಸರು ಮಾಡಿದವು. ನೀವು ಹೋಗುವ ದಿನ ತೆರೆದಿರುತ್ತದಾ ಅಂತ ಮಾತ್ರ ಫೋನ್ ಮಾಡಿ ಕೇಳಿ. ಯಾಕೆಂದರೆ 2027ರಲ್ಲಿ ಚೀನೀ ಹೊಸವರ್ಷ ಫೆಬ್ರವರಿ 6ಕ್ಕೆ, ಶನಿವಾರ. ನಿಮ್ಮ ಅದೃಷ್ಟ ನೋಡಿ, ಸರಿಯಾಗಿ ನೀವಿರುವ ವಾರ! ಆ ದಿನಗಳಲ್ಲಿ ತಮಟೆ-ತಾಳದ ಸದ್ದು ಕೇಳಿದ ಕಡೆ ನಡೆಯಿರಿ, ಸಿಂಹದ ವೇಷ ಮನೆಯಿಂದ ಮನೆಗೆ ಕುಣಿಯುತ್ತಾ ಹೋಗುತ್ತಿರುತ್ತದೆ. ಪಟಾಕಿಯೂ ಇರುತ್ತದೆ, ಅಮ್ಮನನ್ನು ಸ್ವಲ್ಪ ಹಿಂದೆ ನಿಲ್ಲಿಸಿ. ಸಿಂಹಕ್ಕೆ ಕೊಡಲು ಕೆಂಪು ಲಕೋಟೆಯಲ್ಲಿ ದುಡ್ಡು ಇಡುವುದು ರೂಢಿ.

ಟ್ಯಾಂಗ್ರಾದಲ್ಲಿ ಅಮ್ಮನಿಗೆ ಊಟ ಸಿಗುತ್ತದೆ, ಆದರೆ ಬಾಯಿಬಿಟ್ಟು ಹೇಳಬೇಕು. ಒಂದು ಕಡೆ ನಾನು ಸಸ್ಯಾಹಾರಿ ಸ್ನೇಹಿತರ ಜೊತೆ ವೆಜ್ ನೂಡಲ್ಸ್ ತರಿಸಿದ್ದೆ. ಅರ್ಧ ತಿಂದ ಮೇಲೆ ವೇಟರ್ ಹೆಮ್ಮೆಯಿಂದ, 'ರುಚಿ ಬಂದಿದೆಯಲ್ಲ, ಆಯ್‌ಸ್ಟರ್ ಸಾಸ್ ಹಾಕಿದ್ದೀವಿ' ಅಂದ. ಸಿಂಪಿಯ ಸಾಸು! ಅವನ ಲೆಕ್ಕದಲ್ಲಿ ತುಂಡು ಕಾಣದಿದ್ದರೆ ವೆಜ್. ಹಾಗಾಗಿ 'ನಿರಾಮಿಷ್' ಅನ್ನಿ, ಆಯ್‌ಸ್ಟರ್ ಸಾಸ್ ಬೇಡ, ಫಿಶ್ ಸಾಸ್ ಬೇಡ, ಚಿಕನ್ ಸ್ಟಾಕ್ ಬೇಡ, ಬಾಣಲೆ ತೊಳೆದು ಮಾಡಿ ಅಂತ ಒಂದೊಂದಾಗಿ ಹೇಳಿ. ಸೂಪು ತರಿಸಲೇಬೇಡಿ. ಚಿಲ್ಲಿ ಬೇಬಿ ಕಾರ್ನ್, ಬೆಳ್ಳುಳ್ಳಿ ಹಾಕಿ ಬಾಡಿಸಿದ ಸೊಪ್ಪು, ಬಿಳಿ ಅನ್ನ ಸಾಕು. ಒಂದೇ ಬಾಣಲೆಯಲ್ಲಿ ಮಾಂಸ ಬೆಂದಿರುತ್ತದೆ ಅನ್ನುವುದೇ ಅಮ್ಮನಿಗೆ ಸಹಿಸದಿದ್ದರೆ, ಒತ್ತಾಯ ಬೇಡ, ರೂಮಿನಲ್ಲಿ ಮೊದಲೇ ಊಟ ಮಾಡಿಸಿ ಕರೆತನ್ನಿ.

ಹೇಗೂ ಕರೆತರಲೇಬೇಕು, ಯಾಕೆಂದರೆ ಟ್ಯಾಂಗ್ರಾದಲ್ಲಿ ಚೀನೀ ಕಾಳಿ ಮಂದಿರ ಇದೆ. ಮಾಠೇಶ್ವರತಲಾ ರಸ್ತೆಯಲ್ಲಿ ಪುಟ್ಟ ಗುಡಿ. ಮೊದಲು ಒಂದು ಮರ, ಬುಡದಲ್ಲಿ ಕುಂಕುಮ ಹಚ್ಚಿದ ಎರಡು ಕಲ್ಲು ಮಾತ್ರ ಇದ್ದವಂತೆ. ಡಾಕ್ಟರು ಕೈಬಿಟ್ಟ ಒಬ್ಬ ಚೀನೀ ಹುಡುಗನನ್ನು ಅಪ್ಪ-ಅಮ್ಮ ಆ ಮರದ ಕೆಳಗೆ ಮಲಗಿಸಿ ಬೇಡಿಕೊಂಡರು, ಹುಡುಗ ಬದುಕಿದ, ಅಂದಿನಿಂದ ಚೀನೀಯರೂ ನಡೆದುಕೊಳ್ಳಲು ಶುರು ಮಾಡಿದರು ಅನ್ನುತ್ತಾರೆ. ದೇವಿ ನಮ್ಮ ಕಾಳಿಯೇ. ಆದರೆ ಹಚ್ಚುವುದು ಚೀನೀ ಊದುಬತ್ತಿ, ಕೆಟ್ಟ ಶಕ್ತಿ ಹೋಗಲಿ ಅಂತ ಸುಡುವುದು ಕೈಯಿಂದ ಮಾಡಿದ ಕಾಗದ, ನೈವೇದ್ಯಕ್ಕೆ ನೂಡಲ್ಸ್ ಮತ್ತು ಚಾಪ್ ಸೂಯಿ. ಸಂಜೆ ಕತ್ತಲಾಗುವ ಮುಂಚೆ ಹೋಗಿ. ಗುಡಿಯಲ್ಲಿ ನೂಡಲ್ಸ್ ಪ್ರಸಾದ ಅಂತ ಮೈಸೂರಿಗೆ ಬಂದು ಹೇಳಿದರೆ ಅಮ್ಮನ ಗೆಳತಿಯರು ನಂಬುವುದು ಕಷ್ಟ, ಬಾಗಿಲ ಮುಂದೆ ಒಂದು ಫೋಟೋ ಇರಲಿ.

ಮಾತಿಗೆ ಸಿಕ್ಕವರ ಹತ್ತಿರ ಹೇಗೆ ನಡೆದುಕೊಳ್ಳಬೇಕು ಅನ್ನುವುದನ್ನು ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. 1962ರ ಯುದ್ಧವಾದಾಗ ನಮ್ಮ ಸರ್ಕಾರ ಸುಮಾರು 3,000 ಚೀನೀ ಮೂಲದ ಜನರನ್ನು ಹಿಡಿದು ರಾಜಸ್ಥಾನದ ದೇವಲಿ ಶಿಬಿರದಲ್ಲಿಟ್ಟಿತು. ಹೆಚ್ಚಿನವರು ಅಸ್ಸಾಂ, ಮೇಘಾಲಯ, ಡಾರ್ಜಿಲಿಂಗ್ ಕಡೆಯವರು. ಮುದುಕರು, ಕೂಸುಗಳು ಎಲ್ಲ ಸೇರಿ. ರೈಲಿನಲ್ಲಿ ದಿನಗಟ್ಟಲೆ ಪ್ರಯಾಣ. ಕೆಲವರು ಹೊರಬಂದದ್ದು 1967ರಲ್ಲಿ. ವಾಪಸ್ ಬಂದರೆ ಮನೆ ಇಲ್ಲ, ಅಂಗಡಿ ಹರಾಜಾಗಿದೆ. ಕೋಲ್ಕತ್ತದಲ್ಲಿದ್ದವರಿಗೂ ಪೊಲೀಸರ ಕಣ್ಣು ತಪ್ಪಲಿಲ್ಲ. ಒಂದು ಕಾಲಕ್ಕೆ ಇಪ್ಪತ್ತು ಸಾವಿರದಷ್ಟಿದ್ದರು ಅನ್ನುವ ಸಮುದಾಯ ಈಗ ಎರಡು-ಮೂರು ಸಾವಿರಕ್ಕೆ ಇಳಿದಿರುವುದಕ್ಕೆ ಕಾರಣ ಇಲ್ಲಿಂದಲೇ ಶುರು. 2020ರಲ್ಲಿ ಕೊರೊನಾ ಬಂದಾಗ, ನಾನು ವೈರಸ್ ಅಲ್ಲ, ಈ ಊರಲ್ಲೇ ಹುಟ್ಟಿದವನು, ಚೀನಾ ಕಂಡೇ ಇಲ್ಲ ಅಂತ ಟೀ ಶರ್ಟಿನ ಮೇಲೆ ಬರೆಸಿಕೊಂಡು ಓಡಾಡಬೇಕಾಯಿತು ಇವರು. ಆದ್ದರಿಂದ 'ನೀವು ಯಾವ ದೇಶದವರು' ಅಂತ ಮಗ ಕೇಳದಿರಲಿ. ಅವರೇ ಹಳೆಯದನ್ನು ಎತ್ತಿದರೆ ಸುಮ್ನೆ ಕೂತು ಕೇಳಿ.

ಅಮ್ಮನಿಗೆ ಶಕ್ತಿ ಇದ್ದರೆ ಇನ್ನೊಂದು ದಿನ ಆಚಿಪುರಕ್ಕೆ ಹೋಗಬಹುದು. ಬಜ್ ಬಜ್ ಹತ್ತಿರ, ಕಾರಿನಲ್ಲಿ ಹೋಗಿಬರಲು ಅರ್ಧ ದಿನ ಬೇಕು. ಆಚ್ಯೂನ ಸಮಾಧಿ ನದಿ ಪಕ್ಕ ಕುದುರೆ ಲಾಳದ ಆಕಾರದಲ್ಲಿ, ಕೆಂಪು ಬಣ್ಣಕ್ಕಿದೆ. ಹೊಸವರ್ಷದ ನಂತರ ಕೋಲ್ಕತ್ತದ ಚೀನೀ ಮನೆಯವರು ಬುತ್ತಿ ಕಟ್ಟಿಕೊಂಡು ಅಲ್ಲಿಗೆ ಹೋಗುತ್ತಾರೆ. ಬೇರೆ ದಿನಗಳಲ್ಲಿ ಅಲ್ಲಿ ಏನೂ ಇರುವುದಿಲ್ಲ, ನೀವು ಹೋಗುವ ವಾರ ಮಾತ್ರ ಹೋಗಲು ಅರ್ಥ ಇದೆ.

ಮರೆತಿದ್ದೆ, ಸಾಸು. ಟಿರೆಟ್ಟಾದ ಗಲ್ಲಿಯಲ್ಲಿ ಪೌ ಚಾಂಗ್ ಅಂಗಡಿ ಇದೆ, 1958ರಿಂದ ಸಾಸು ಮಾಡುವವರು. ಅವರ ಹಸಿರು ಮೆಣಸಿನ ಸಾಸು ನಮ್ಮ ಖಾರದ ನಾಲಿಗೆಗೆ ಚೆನ್ನಾಗಿ ಹಿಡಿಸುತ್ತದೆ, ಅಕ್ಕಿರೊಟ್ಟಿಗೂ ನಡೆಯುತ್ತದೆ. ಭಾನುವಾರ ಅಂಗಡಿ ತೆರೆದಿಲ್ಲದಿದ್ದರೆ ಸೋಮವಾರ ಯಾರಾದರೊಬ್ಬರು ಹೋಗಿ ತನ್ನಿ. ಬಾಟಲಿಗಳನ್ನು ಹಳೆ ಟವೆಲಿನಲ್ಲಿ ಸುತ್ತಿ ಚೆಕ್-ಇನ್ ಬ್ಯಾಗಿನಲ್ಲಿಡಿ. ಒಮ್ಮೆ ನಾನು ಕೈಚೀಲದಲ್ಲಿಟ್ಟುಕೊಂಡು ಹೋಗಿ, ಮೂರು ಬಾಟಲಿ ವಿಮಾನ ನಿಲ್ದಾಣದ ತಪಾಸಣೆಯಲ್ಲೇ ಬಿಟ್ಟು ಬಂದಿದ್ದೇನೆ.